ಕೋವಿಯ ಕತ್ತಿನಲ್ಲಿ ಒಂದು ಗೆರೆ

ಕೋವಿ ಬಿದ್ದದ್ದು ನನ್ನ ಕೈಯಿಂದಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನೋಯ್ಡಾದಲ್ಲಿ ನನ್ನ ಸುತ್ತ ಇರುವ ಯಾರಿಗೂ ಎರಡು ವರ್ಷ ಇದನ್ನು ಹೇಳಿರಲಿಲ್ಲ.

2023ರ ಸೆಪ್ಟೆಂಬರ್ 3. ಕೊಡಗಿನಲ್ಲಿ ಕೈಲ್ ಪೊಳ್ದ್, ಕನ್ನಡ ಪತ್ರಿಕೆಗಳು ಕೈಲ್ ಮುಹೂರ್ತ ಎಂದು ಬರೆಯುವ ನಮ್ಮ ಆಯುಧಪೂಜೆ. ಗದ್ದೆ ನಾಟಿ ಮುಗಿಸಿದ ಮೇಲೆ ಬರುವ ಹಬ್ಬ. ಆ ವರ್ಷ ಭಾನುವಾರ ಬಂದಿತ್ತು, ಹೆಚ್ಚು ರಜೆ ಕೇಳಬೇಕಾಗಿರಲಿಲ್ಲ. ಹೆಂಡತಿ, ಮಗನನ್ನು ಕರೆದುಕೊಂಡು ಊರಿಗೆ ಹೋಗಿದ್ದೆ. ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪದ ಮುಂದೆ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನಿಟ್ಟು, ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆಯಾಯಿತು. ತೋಕ್ ಎಂದರೆ ನಮ್ಮ ಮಾತಿನಲ್ಲಿ ಕೋವಿ. ಬೆಂಕಿಯ ನಾಲಗೆಯಂತೆ ಕೆಂಪು ಹಳದಿ ಎಸಳಿರುವ, ನೀವು ಗೌರಿ ಹೂ ಎಂದು ಕರೆಯುವ ಹೂವೇ ಈ ತೋಕ್ ಪೂ. ಆಮೇಲೆ ಕಡಂಬಿಟ್ಟು, ಪಂದಿಕರಿ ಊಟ. ಊಟದ ನಂತರ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುವ ಸ್ಪರ್ಧೆ.

ಅಜ್ಜನ ಕೋವಿಯನ್ನು ಸ್ಪರ್ಧೆಗೆ ಬಳಸುವುದಿಲ್ಲ. ಪೂಜೆಗೆ ಮಾತ್ರ. ಅದನ್ನು ಒಳಗೆ ಇಟ್ಟು ಬರಲು ಚಿಕ್ಕಪ್ಪ ನನ್ನ ಕೈಗೆ ಕೊಟ್ಟರು. ಮಳೆ ಹನಿಯುತ್ತಿತ್ತು. ಮೆಟ್ಟಿಲ ಕಲ್ಲಿನ ಮೇಲೆ ಪಾಚಿ. ಒಂದು ಕೈಯಲ್ಲಿ ಕೋವಿ, ಇನ್ನೊಂದು ಕೈಯಲ್ಲಿ ಫೋನು. ಕಾಲು ಜಾರಿತು. ಕೋವಿ ಖಾಲಿ ಇತ್ತು, ಅದೊಂದು ಪುಣ್ಯ. ಆದರೆ ಬಟ್ಟಿನ ಹಿಮ್ಮಡಿ ಕಲ್ಲಿಗೆ ಬಡಿದ ಸದ್ದಿನ ಜೊತೆಗೇ, ಒಣ ಕಡ್ಡಿ ಮುರಿದಂಥ ಇನ್ನೊಂದು ಸದ್ದು ಕೇಳಿಸಿತು.

ಎತ್ತಿ ನೋಡಿದರೆ ಕತ್ತಿನಲ್ಲಿ ಬಿರುಕು. ಬಟ್ಟು ಸಣ್ಣಗಾಗುತ್ತ ಬಂದು ಕಬ್ಬಿಣಕ್ಕೆ ಸೇರುವ, ಮುಷ್ಟಿಯಿಂದ ಹಿಡಿಯುವ ಜಾಗವೇ ಈ ಕತ್ತು. ಬಿರುಕು ಎಡಗಡೆಯಿಂದ ಓರೆಯಾಗಿ ಕೆಳಗೆ ಓಡಿ ಟ್ರಿಗರ್ ಗಾರ್ಡಿನ ಹಿಂದೆ ಮುಗಿದಿತ್ತು. ಮೆಲ್ಲಗೆ ಒತ್ತಿದರೆ ಬಾಯಿ ತೆರೆಯುತ್ತಿತ್ತು. ಚಿಕ್ಕಪ್ಪ ಬೈಯಲಿಲ್ಲ. ಹಳೆಯ ಪಂಚೆಯ ಅಂಚು ಹರಿದು ಕತ್ತಿಗೆ ಸುತ್ತಿ ಕಟ್ಟಿ, ಒಳಗಿಟ್ಟು ಬಂದರು. ಬೈದಿದ್ದರೆ ಚೆನ್ನಾಗಿತ್ತು.

ನಮ್ಮ ಮನೆಯಲ್ಲಿ ಕೋವಿ ಏಕಿದೆ?

ದೆಹಲಿಯಲ್ಲಿ ಕೊಡಗು ಎಂದ ಕೂಡಲೇ ಹಿರಿಯರು ಕಾರಿಯಪ್ಪನವರ ಹೆಸರು ಹೇಳುತ್ತಾರೆ. ಕಂಟೋನ್ಮೆಂಟಿನ ಪರೇಡ್ ಮೈದಾನಕ್ಕೇ ಅವರ ಹೆಸರಿದೆ. ಕಿರಿಯರು ಕೇಳುವುದು ಎರಡೇ: ಕಾಫಿ ಮತ್ತು ಕೋವಿ. "ಲೈಸೆನ್ಸ್ ಇಲ್ಲದೆ ಗನ್ ಇಟ್ಟುಕೊಳ್ಳಬಹುದಂತೆ, ಹೌದಾ?"

ಅರ್ಧ ನಿಜ. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿತು. 1857ರ ನಂತರ ದೇಶದ ಜನರಿಂದ ಆಯುಧ ಕಸಿಯುವ ಕಾನೂನು ಬಂದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಅದರಿಂದ ಹೊರಗಿಟ್ಟರು. ಹೌದು, ಬೆಂಗಳೂರಿನ ಕಬ್ಬನ್ ಪಾರ್ಕಿನ ಕಬ್ಬನ್ನೇ. ಸ್ವಾತಂತ್ರ್ಯದ ನಂತರ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದಾಗಲೂ, 1963ರ ಅಧಿಸೂಚನೆಯಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಉಳಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ತಳ್ಳಿಹಾಕಿತು.

ವಿನಾಯಿತಿ ಎಂದರೆ ಲೆಕ್ಕವಿಲ್ಲ ಎಂದಲ್ಲ. ಯಾವ ಕೋವಿ, ಯಾರ ಹೆಸರಿನಲ್ಲಿ ಎಂಬುದೆಲ್ಲ ಪ್ರಮಾಣಪತ್ರದಲ್ಲಿ ಇರುತ್ತದೆ. ಅಜ್ಜನ ಕೋವಿ ಈಗ ಚಿಕ್ಕಪ್ಪನ ಪ್ರಮಾಣಪತ್ರದಲ್ಲಿದೆ. ಆದರೆ ಮನೆಯಲ್ಲಿ ಅದು ಎಲ್ಲರದು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಒಂದು ಗುಂಡು. ನಾನು ಹುಟ್ಟಿದ ಸುದ್ದಿಯನ್ನು ಊರಿಗೆ ತಿಳಿಸಿದ್ದು ಇದೇ ಕೋವಿಯಂತೆ. ನನ್ನ ಕೈಯಿಂದ ಬಿದ್ದದ್ದು ಏಕೆ ಅಷ್ಟು ಕಾಡಿತು ಎಂಬುದಕ್ಕೆ ಇಷ್ಟು ಹೇಳಬೇಕಾಯಿತು.

ಅದು ಜೋಡಿ ನಳಿಗೆಯ ಹನ್ನೆರಡು ಬೋರಿನ ತೋಟಾ ಕೋವಿ. ಒಂದು ಪೌಂಡ್ ಸೀಸದಲ್ಲಿ ಒಂದೇ ಅಳತೆಯ ಹನ್ನೆರಡು ಗುಂಡು ಮಾಡಿದರೆ, ಅದರಲ್ಲಿ ಒಂದು ಗುಂಡಿನ ಅಗಲವೇ ನಳಿಗೆಯ ಬಾಯಿ. ಹನ್ನೆರಡು ಎಂಬ ಅಂಕಿ ಬಂದದ್ದು ಹೀಗೆ. ನಳಿಗೆಯ ಅಡಿಯಲ್ಲಿ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆ ಇದೆ. 1813ರಲ್ಲಿ ಕಾನೂನಿನ ಮೂಲಕ ಸ್ಥಾಪಿಸಿದ ಅಲ್ಲಿನ ಪ್ರೂಫ್ ಹೌಸ್, ನಳಿಗೆಯೊಳಗೆ ಹೆಚ್ಚಿನ ಮದ್ದು ಸಿಡಿಸಿ, ತಡೆದುಕೊಂಡದ್ದಕ್ಕೆ ಮಾತ್ರ ಈ ಮುದ್ರೆ ಒತ್ತುತ್ತದೆ. ಕಬ್ಬಿಣಕ್ಕೆ ಇಷ್ಟೆಲ್ಲ ಪರೀಕ್ಷೆ. ಮರಕ್ಕೆ ಯಾವ ಪರೀಕ್ಷೆಯೂ ಇಲ್ಲ.

ಮರವನ್ನು ಮಾತ್ರ ತಂದರೆ?

ದೆಹಲಿಗೆ ಮರಳಿದ ಮೇಲೆ ನನ್ನ ತಲೆಯಲ್ಲಿ ಒಂದು ಯೋಜನೆ ಹುಟ್ಟಿತು. ಬಟ್ಟನ್ನು ಬಿಚ್ಚಿ, ಬರಿಯ ಮರವನ್ನು ಬ್ಯಾಗಿನಲ್ಲಿಟ್ಟು ವಿಮಾನದಲ್ಲಿ ತರುವುದು. ಇಲ್ಲಿ ಕೀರ್ತಿ ನಗರದಲ್ಲಿ ಬೇಕಾದಷ್ಟು ಒಳ್ಳೆಯ ಬಡಗಿಗಳಿದ್ದಾರೆ. ಸರಿ ಮಾಡಿಸಿಕೊಂಡು ಹೋಗಿ ಜೋಡಿಸಿಬಿಡುವುದು. ಮರವೇನು ಗುಂಡು ಹೊಡೆಯುತ್ತದೆಯೇ?

ಕರ್ನಾಟಕ ಸಂಘದ ಕಾರ್ಯಕ್ರಮವೊಂದರಲ್ಲಿ ಸಿಕ್ಕ ವಕೀಲ ಸ್ನೇಹಿತರೊಬ್ಬರ ಬಳಿ "ಒಬ್ಬರಿಗೆ ಹೀಗಾಗಿದೆಯಂತೆ" ಎಂದು ಕೇಳಿದೆ. ಅವರು ನಕ್ಕು, "ಆ ಒಬ್ಬರಿಗೆ ಕಾಯ್ದೆ ಓದಲು ಹೇಳಿ" ಎಂದರು. ಓದಿದೆ. 1959ರ ಕಾಯ್ದೆಯಲ್ಲಿ ಆಯುಧ ಎಂದರೆ ಆಯುಧದ ಬಿಡಿಭಾಗವೂ ಸೇರಿತು. 45ನೇ ಕಲಂ ಸಣ್ಣಪುಟ್ಟ ಬಿಡಿಭಾಗಗಳನ್ನು ಹೊರಗಿಡುತ್ತದೆ ನಿಜ, ಆದರೆ ಅವನ್ನು ಉಳಿದ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶ ಇರಬಾರದು. ನನ್ನ ಉದ್ದೇಶವೇ ಅದು. ಅದೇ ಕಲಂ ಪುರಾತನ ಕೋವಿಗಳನ್ನೂ ಹೊರಗಿಡುತ್ತದೆ. ಆದರೆ ರಿಪೇರಿ ಮಾಡಿದರೂ ಗುಂಡು ಹಾರದಂಥವು ಮಾತ್ರ. ನಮ್ಮದರ ವಯಸ್ಸು ಎಷ್ಟೇ ಇರಲಿ, ನಳಿಗೆ ಗಟ್ಟಿಯಾಗಿದೆ. ಇನ್ನು 5ನೇ ಕಲಂ ಪ್ರಕಾರ ಆಯುಧ ರಿಪೇರಿಗೇ ಲೈಸೆನ್ಸ್ ಬೇಕು. ಕುರ್ಚಿ ಮಾಡುವ ಮಿಸ್ತ್ರಿಯ ಕೈಗೆ ಇದನ್ನು ಕೊಟ್ಟರೆ ತೊಂದರೆ ನನಗಷ್ಟೇ ಅಲ್ಲ, ಆತನಿಗೂ.

ಕಾನೂನಿನ ಜೊತೆಗೆ ಹವೆಯ ಮಾತೂ ಇತ್ತು. ಮರ ತೇವ ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಕೊಡಗಿನ ಮಳೆಗಾಲಕ್ಕೆ ಒಗ್ಗಿದ ಮರವನ್ನು ದೆಹಲಿಯ ಮೇ ತಿಂಗಳ ಲೂ ಗಾಳಿಯಲ್ಲಿ ಅಂಟಿಸಿದರೆ, ಊರಿಗೆ ಹೋದ ಮೇಲೆ ಅದು ಕಬ್ಬಿಣದ ಚೌಕಟ್ಟಿಗೆ ಮೊದಲಿನಂತೆ ಕೂರುತ್ತದೆ ಎಂಬ ಭರವಸೆ ಇಲ್ಲ. ಅಂತೂ ಕೋವಿ ನನ್ನ ಬಳಿಗೆ ಬರುವಂತಿರಲಿಲ್ಲ. ನಾನೇ ಅದರ ಬಳಿಗೆ ಹೋಗಬೇಕಿತ್ತು.

ಕೀರ್ತಿ ನಗರದ ಪಾಠ

ಹೋಗುವ ಮೊದಲು ಕಲಿತುಕೊಂಡಾದರೂ ಹೋಗೋಣ ಎನಿಸಿತು. ಒಂದು ಶನಿವಾರ ಕೀರ್ತಿ ನಗರದ ಮರದ ಮಾರುಕಟ್ಟೆಗೆ ಹೋದೆ. ಹಳೆಯ ಪೀಠೋಪಕರಣ ಸರಿಮಾಡುವ, ಸಹಾರನ್‌ಪುರದ ಕಡೆಯ ಹಿರಿಯ ಮಿಸ್ತ್ರಿಯೊಬ್ಬರು ಸಿಕ್ಕರು. ಫೋನಿನಲ್ಲಿದ್ದ ಫೋಟೊ ತೋರಿಸಿದೆ. "ಕುಂದಾ ಹೈ" ಎಂದು ತಕ್ಷಣ ಗುರುತಿಸಿದರು. ಹಿಂದಿಯಲ್ಲಿ ಬಂದೂಕಿನ ಬಟ್ಟಿಗೆ ಕುಂದಾ ಎನ್ನುತ್ತಾರೆ. "ಇದನ್ನು ನಾನು ಮುಟ್ಟುವುದಿಲ್ಲ. ಆದರೆ ಮರದ ವಿಷಯ ಕೇಳಿ, ಹೇಳುತ್ತೇನೆ" ಎಂದರು.

ಮರ ಅಖರೋಟ್, ಅಂದರೆ ವಾಲ್‌ನಟ್. ಒಳ್ಳೆಯ ಕೋವಿಗಳಿಗೆಲ್ಲ ಅದೇ. ತೂಕಕ್ಕೆ ಹೋಲಿಸಿದರೆ ಗಟ್ಟಿ, ಹೊಡೆತ ತಾಳುತ್ತದೆ, ಸಣ್ಣ ಕೆತ್ತನೆಯನ್ನು ಹಿಡಿದುಕೊಳ್ಳುತ್ತದೆ, ಒಮ್ಮೆ ಹದವಾಗಿ ಒಣಗಿದರೆ ಸುಲಭಕ್ಕೆ ಸೊಟ್ಟಗಾಗುವುದಿಲ್ಲ. ನಮ್ಮ ದೇಶದಲ್ಲಿ ಅದರ ತವರು ಕಾಶ್ಮೀರ. ಅಲ್ಲಿ ಕೆತ್ತನೆಯ ಪೆಟ್ಟಿಗೆ ಮಾಡುವ ಮರವೂ ಇದೇ. ಆದರೆ ಎಂಥ ಮರವಾದರೂ ಎಳೆಯ ಗುಂಟ ಸೀಳುತ್ತದೆ. ಕತ್ತಿನಲ್ಲಿ ಎಳೆ ಉದ್ದಕ್ಕೆ ನೇರವಾಗಿ ಓಡಬೇಕು. ನಮ್ಮದರಲ್ಲಿ ಸ್ವಲ್ಪ ಓರೆಯಾಗಿತ್ತು. ಬಿರುಕು ಆ ದಾರಿಯನ್ನೇ ಹಿಡಿದಿತ್ತು.

ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನನ್ನು ತಡೆದು ನಿಲ್ಲಿಸಿತು. "ಬಿರುಕಿನ ಒಳಗೆ ಮರ ಕಪ್ಪಾಗಿದೆ. ಎಣ್ಣೆ ಕುಡಿದಿದೆ. ಕೋವಿಯನ್ನು ಹೇಗೆ ನಿಲ್ಲಿಸುತ್ತಿದ್ದಿರಿ?"

ಎಲ್ಲರ ಹಾಗೆ, ಬಾಯಿ ಮೇಲೆ ಮಾಡಿ, ಮೂಲೆಯಲ್ಲಿ. ಅಜ್ಜ ಪ್ರತಿ ಹಬ್ಬದ ಮುಂಚೆ ಯಂತ್ರಕ್ಕೆ ಧಾರಾಳವಾಗಿ ಎಣ್ಣೆ ಬಿಡುತ್ತಿದ್ದರು. ಅವರ ಅಪ್ಪನೂ ಹಾಗೇ ಮಾಡುತ್ತಿದ್ದರಂತೆ. ಆ ಎಣ್ಣೆ ಕಬ್ಬಿಣದಲ್ಲಿ ನಿಲ್ಲದೆ ವರ್ಷಗಟ್ಟಲೆ ಕೆಳಗಿಳಿದು ಕತ್ತಿನ ಮರಕ್ಕೆ ಸೇರಿದೆ. ಎಣ್ಣೆ ಕುಡಿದ ಮರ ಮೆತ್ತಗಾಗುತ್ತದೆ, ಅಂಟನ್ನೂ ಹಿಡಿಯುವುದಿಲ್ಲ. ಪ್ರೀತಿಯಿಂದ ಹಾಕಿದ ಎಣ್ಣೆಯೇ ಮೂರು ತಲೆಮಾರು ಸದ್ದಿಲ್ಲದೆ ಕತ್ತನ್ನು ಸಡಿಲ ಮಾಡಿತ್ತು.

ಮಿಸ್ತ್ರಿಯಿಂದ ಅಖರೋಟಿನ ನಾಲ್ಕು ತುಂಡು ಕೊಂಡು ಮನೆಗೆ ಬಂದೆ. ನಮ್ಮ ವೃತ್ತಿಯಲ್ಲಿ ಯಾವುದನ್ನೂ ನೇರವಾಗಿ ಪ್ರೊಡಕ್ಷನ್‌ನಲ್ಲಿ ಮುಟ್ಟುವುದಿಲ್ಲವಲ್ಲ, ಬಾಲ್ಕನಿಯೇ ನನ್ನ ಟೆಸ್ಟ್ ಎನ್ವಿರಾನ್‌ಮೆಂಟ್ ಆಯಿತು. ತುಂಡುಗಳನ್ನು ಬೇಕೆಂದೇ ಎಳೆಯ ಗುಂಟ ಸೀಳಿ, ಹೊಲಿಗೆ ಯಂತ್ರದ ಎಣ್ಣೆಯಲ್ಲಿ ವಾರಗಟ್ಟಲೆ ನೆನೆಸಿದೆ. ಮೊದಲನೆಯದಕ್ಕೆ ಬಡಗಿಗಳು ಬಳಸುವ ಬಿಳಿ ಅಂಟು. ಮರುದಿನ ಕೈಯಲ್ಲೇ ಬಿಟ್ಟುಕೊಂಡಿತು. ಎರಡನೆಯದಕ್ಕೆ ಎಪಾಕ್ಸಿ. ಸ್ವಲ್ಪ ಬಲ ಹಾಕಿದಾಗ ಅಂಟು ಹಾಳೆಯಂತೆ ಎದ್ದು ಬಂತು. ಮೂರನೆಯದಕ್ಕೆ ಮಿಸ್ತ್ರಿ ಹೇಳಿದ ಹಾಗೆ ಮಾಡಿದೆ: ಅಸಿಟೋನಿನಲ್ಲಿ ಒರೆಸಿ, ಪೇಂಟ್ ಅಂಗಡಿಯಲ್ಲಿ ಸಿಗುವ ಖಡಿಯಾ ಪುಡಿಯನ್ನು ಅಸಿಟೋನಿನಲ್ಲೇ ಕಲಸಿ ಬಳಿಯಬೇಕು. ಒಣಗುತ್ತ ಒಣಗುತ್ತ ಪುಡಿ ಮರದೊಳಗಿನ ಎಣ್ಣೆಯನ್ನು ಹೀರಿ ಹಳದಿಯಾಗುತ್ತದೆ. ಕೆರೆದು ತೆಗೆದು ಮತ್ತೆ ಬಳಿಯಬೇಕು. ಆರನೇ ಸಲಕ್ಕೆ ಪುಡಿ ಬೆಳ್ಳಗೇ ಉಳಿಯಿತು. ಆಗ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಹಚ್ಚಿ ಎರಡು ದಿನ ಕಟ್ಟಿಟ್ಟೆ. ಆಮೇಲೆ ಬಲವಾಗಿ ಬಗ್ಗಿಸಿದಾಗ ಪಕ್ಕದ ಮರ ಸೀಳಿತು, ಅಂಟಿದ ಜಾಗ ಬಿಡಲಿಲ್ಲ.

ಮಾಡಿ ನೋಡುವವರಿಗೆ ಒಂದು ಎಚ್ಚರಿಕೆ. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ. ಬಯಲು ಗಾಳಿಯಲ್ಲಿ, ಬೆಂಕಿಯಿಂದ ದೂರವೇ ಇದನ್ನು ಮಾಡಬೇಕು.

ಹೊಸ ಬಟ್ಟೋ, ಹಳೆಯ ಬಟ್ಟೋ

2024ರ ಡಿಸೆಂಬರಿನಲ್ಲಿ ಪುತ್ತರಿಗೆ ಹತ್ತು ದಿನ ರಜೆ ಹಾಕಿ ಹೋದೆ. ಜಿಲ್ಲೆಯಲ್ಲೇ ಲೈಸೆನ್ಸ್ ಇರುವ ಕೋವಿ ರಿಪೇರಿಯವರೊಬ್ಬರನ್ನು ಚಿಕ್ಕಪ್ಪ ಬಲ್ಲರು. ಪ್ರಮಾಣಪತ್ರ ಜೊತೆಗಿಟ್ಟುಕೊಂಡು ಇಬ್ಬರೂ ಹೋದೆವು.

ಆತ ಮೊದಲು ಕೋವಿಯನ್ನು ಮುರಿದು ನಳಿಗೆ ಖಾಲಿ ಇದೆಯೇ ಎಂದು ಎರಡು ಸಲ ನೋಡಿದರು. ನಳಿಗೆಯನ್ನು ಬೇರ್ಪಡಿಸಿ, ಬೆರಳಿಗೆ ತೂಗುಹಾಕಿ, ಮೆಲ್ಲಗೆ ತಟ್ಟಿದರು. ಗಂಟೆಯಂಥ ನಾದ ಬಂತು. ಎರಡು ನಳಿಗೆಗಳ ನಡುವಿನ ಬೆಸುಗೆ ಸಡಿಲವಾಗಿದ್ದರೆ ನಾದ ಮಂಕಾಗುತ್ತದಂತೆ. ತೋಟಾ ಕೂರುವ ಜಾಗ ಅಳೆದು, "ಇದು ಎರಡೂವರೆ ಇಂಚಿನ ಹಳೆಯ ಅಳತೆ. ಈಗ ಸಿಗುವ ಎಪ್ಪತ್ತು ಮಿಲಿಮೀಟರಿನ ತೋಟಾ ಇದಕ್ಕೆ ಹಾಕಬೇಡಿ" ಎಂದರು. ಉದ್ದದ ತೋಟಾ ಒಳಗೆ ಹೋಗಿ ಕೂರುತ್ತದೆ, ಆದರೆ ಸಿಡಿದಾಗ ಅದರ ಬಾಯಿ ಅರಳಲು ಜಾಗವಿರುವುದಿಲ್ಲ. ಒತ್ತಡ ಏರುತ್ತದೆ.

ಸ್ಕ್ರೂ ಬಿಚ್ಚುವ ಮೊದಲು ಪ್ರತಿಯೊಂದಕ್ಕೂ ಸ್ಕ್ರೂಡ್ರೈವರಿನ ತುದಿಯನ್ನು ಅರದಿಂದ ಉಜ್ಜಿ ಹೊಂದಿಸಿಕೊಂಡರು. ಹಳೆಯ ಕೋವಿಯ ಸ್ಕ್ರೂಗಳ ಸೀಳು ಕೂದಲಿನಷ್ಟು ತೆಳು. ಮನೆಯ ಸ್ಕ್ರೂಡ್ರೈವರ್ ಹಾಕಿದರೆ ಜಾರಿ ತಲೆ ಕಿತ್ತುಹೋಗುತ್ತದೆ. ನಾನೇ ಬಿಚ್ಚಲು ಹೊರಟಿದ್ದೆನಲ್ಲ ಎಂದು ನೆನೆದು ಸುಮ್ಮನೆ ನಿಂತೆ.

ಎಲ್ಲ ನೋಡಿ ಆತ ಎರಡು ದಾರಿ ಹೇಳಿದರು. ಒಂದು, ಹೊಸ ವಾಲ್‌ನಟ್ ಬಟ್ಟು ಕೆತ್ತಿಸುವುದು. ನೋಡಲು ಹೊಸ ಕೋವಿಯಂತೆ ಇರುತ್ತದೆ. ಎರಡು, ಇದನ್ನೇ ಅಂಟಿಸಿ ಒಳಗೆ ಹಿತ್ತಾಳೆಯ ಕಡ್ಡಿ ಕೂರಿಸುವುದು. ಗಟ್ಟಿಯಾಗುತ್ತದೆ, ಆದರೆ ಗೆರೆ ಉಳಿಯುತ್ತದೆ.

ನಾನು ತಡಮಾಡದೆ "ಹೊಸದು" ಎಂದೆ. ಎಷ್ಟಾದರೂ ಆಗಲಿ, ನಾನು ಕೊಡುತ್ತೇನೆ ಎಂದೆ. ಚಿಕ್ಕಪ್ಪ ಮೊದಲ ಬಾರಿಗೆ ಆ ಕೋವಿಯ ವಿಷಯ ನನ್ನೊಡನೆ ಮಾತನಾಡಿದ್ದು ಆಗಲೇ. ಬಟ್ಟಿನ ಹಿಂತುದಿ ತೋರಿಸಿ, "ಇದು ಏನು ಗೊತ್ತಾ?" ಎಂದು ಕೇಳಿದರು.

ಹಿಂತುದಿಯಲ್ಲಿ ಒಂದು ಇಂಚಿನಷ್ಟು ಮರದ ಬಣ್ಣ ಬೇರೆ. ಚಿಕ್ಕಂದಿನಿಂದ ನೋಡಿದ್ದೆ, ಅಲಂಕಾರ ಎಂದುಕೊಂಡಿದ್ದೆ. ಅದು ಬೀಟೆ. ಕೋವಿ ಕೊಂಡ ಮುತ್ತಜ್ಜ ಗಿಡ್ಡ ಆಳು. ಭುಜಕ್ಕೆ ಸರಿಯಾಗಿ ಕೂರಲೆಂದು ಬಟ್ಟನ್ನು ಕತ್ತರಿಸಿ ಮೋಟು ಮಾಡಿಸಿದ್ದರಂತೆ. ಅಜ್ಜ ಉದ್ದ. ಅವರ ಕಾಲಕ್ಕೆ ಊರಿನ ಆಚಾರಿ ಬೀಟೆಯ ತುಂಡು ಸೇರಿಸಿ ಉದ್ದ ಮಾಡಿದ್ದರು. "ಇದು ರಿಪೇರಿ ಆಗುತ್ತಿರುವುದು ಮೊದಲ ಸಲವಲ್ಲ. ಹೊಸದು ಹಾಕಿದರೆ ನನ್ನ ಅಪ್ಪನೂ ಇರುವುದಿಲ್ಲ, ಅವರ ಅಪ್ಪನೂ ಇರುವುದಿಲ್ಲ. ಇಂಗ್ಲೆಂಡಿನ ಕಬ್ಬಿಣ ಮಾತ್ರ ಉಳಿಯುತ್ತದೆ" ಎಂದರು.

ನಾನು ಹೊಸ ಬಟ್ಟು ಕೇಳಿದ್ದು ಕೋವಿಗಾಗಿ ಅಲ್ಲ, ನನ್ನ ತಪ್ಪು ಯಾರಿಗೂ ಕಾಣದಿರಲಿ ಎಂದು. ಅದು ನನಗೆ ಗೊತ್ತಾದದ್ದು ಅಲ್ಲಿ, ಆ ಅಂಗಡಿಯಲ್ಲಿ. ಎಣ್ಣೆಯ ವಿಷಯ ಎತ್ತಿದಾಗ ರಿಪೇರಿಯವರು, "ಹೌದು, ಇವತ್ತಲ್ಲ ನಾಳೆ ಸೀಳುತ್ತಿತ್ತು" ಎಂದರು. ಸ್ವಲ್ಪ ಹಗುರವಾಯಿತು. ಆದರೂ ಸೀಳಿದ್ದು ನನ್ನ ಕೈಯಲ್ಲಿ, ಫೋನು ಹಿಡಿದಿದ್ದಾಗ.

ಅಗಸೆ ಎಣ್ಣೆಯ ವರ್ಷ

ಎಣ್ಣೆ ತೆಗೆಯುವುದಕ್ಕೇ ಐದು ದಿನ ಹಿಡಿಯಿತು. ಬಾಲ್ಕನಿಯಲ್ಲಿ ನಾನು ಮಾಡಿದ್ದ ಪಾಠವನ್ನೇ ಆತ ಹೆಚ್ಚು ತಾಳ್ಮೆಯಿಂದ ಮಾಡಿದರು. ಬಿರುಕನ್ನು ಮೆಲ್ಲಗೆ ತೆರೆದು, ತೆಳು ತಗಡಿನಿಂದ ತಳದವರೆಗೆ ಎಪಾಕ್ಸಿ ಇಳಿಸಿ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಸುತ್ತಿದರು. ಓರೆ ಬಾಗಿದ ಜಾಗಕ್ಕೆ ಕ್ಲ್ಯಾಂಪಿಗಿಂತ ರಬ್ಬರೇ ವಾಸಿ, ಎಲ್ಲ ಕಡೆಯಿಂದ ಒಂದೇ ಸಮ ಒತ್ತುತ್ತದೆ. ಗಟ್ಟಿಯಾದ ಮೇಲೆ ಟ್ರಿಗರ್ ಗಾರ್ಡಿನ ಬಾಲದ ಅಡಿಯಿಂದ ರಂಧ್ರ ಕೊರೆದು ಹಿತ್ತಾಳೆಯ ಕಡ್ಡಿ ಕೂರಿಸಿದರು. ಗಾರ್ಡ್ ಮತ್ತೆ ಹಾಕಿದಾಗ ರಂಧ್ರ ಕಾಣಲಿಲ್ಲ. ಬಟ್ಟಿನ ಮೇಲಿನ ತಗ್ಗುಗಳಿಗೆ ಒದ್ದೆ ಬಟ್ಟೆ ಹಾಕಿ ಬಿಸಿ ಇಸ್ತ್ರಿ ಒತ್ತಿದರು. ಹಬೆಗೆ ನಸುಕಿದ ಎಳೆಗಳು ಉಬ್ಬಿ ಮೇಲೆದ್ದವು. ಮರಳುಕಾಗದ ಮುಟ್ಟಲೇ ಇಲ್ಲ. ಉಜ್ಜಿದರೆ ಮರ ಕಬ್ಬಿಣದ ಅಂಚಿಗಿಂತ ಕೆಳಗಿಳಿಯುತ್ತದೆ, ಹಿಡಿತಕ್ಕಾಗಿ ಕೊರೆದ ಚೌಕುಳಿ ಗೀರು ಅಳಿಯುತ್ತದೆ, ಅಜ್ಜನ ಕೆನ್ನೆ ತಾಗಿ ಬಂದ ಹೊಳಪೂ ಹೋಗುತ್ತದೆ.

ಉಳಿದದ್ದು ಅಗಸೆ ಎಣ್ಣೆಯ ಕೆಲಸ. ಅದನ್ನು ಚಿಕ್ಕಪ್ಪ ವಹಿಸಿಕೊಂಡರು. ಕೋವಿ ಬಲ್ಲವರಲ್ಲಿ ಒಂದು ಹಳೆಯ ಲೆಕ್ಕವಿದೆ: ಒಂದು ವಾರ ದಿನಕ್ಕೊಮ್ಮೆ, ಒಂದು ತಿಂಗಳು ವಾರಕ್ಕೊಮ್ಮೆ, ಒಂದು ವರ್ಷ ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಎರಡೇ ಹನಿ, ಅಂಗೈ ಬಿಸಿಯಾಗುವವರೆಗೆ ತಿಕ್ಕಬೇಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟಿ ಬಟ್ಟೆ ತಾನೇ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ ಅಥವಾ ಹೊರಗೆ ಹರಡಿ ಒಣಗಿಸಬೇಕು.

ಹೊಸ ವರ್ಷದಿಂದ ನನಗೆ ತಿಂಗಳಿಗೊಂದು ವಾಟ್ಸಾಪ್ ಫೋಟೊ ಬರತೊಡಗಿತು. ಮಾತೇನೂ ಇರುವುದಿಲ್ಲ, ಕೋವಿಯ ಕತ್ತು ಮಾತ್ರ. ಫೆಬ್ರವರಿಗಿಂತ ಮಾರ್ಚಿನಲ್ಲಿ ಹೊಳಪು ಹೆಚ್ಚು. ನಾನು ಮೆಟ್ರೋದಲ್ಲಿ ಕುಳಿತು ಅದನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ಮೊದಲು ಹಬ್ಬಕ್ಕೊಮ್ಮೆ ಚಿಕ್ಕಪ್ಪನಿಗೆ ಫೋನ್ ಮಾಡುತ್ತಿದ್ದವನು ಈಗ ಫೋಟೊ ಬಂದ ದಿನ ತಪ್ಪದೆ ಮಾಡುತ್ತೇನೆ. ಮಾತು ಮರದಿಂದ ಶುರುವಾಗಿ ಮಳೆ, ಕಾಫಿ ಹೂ, ಮೊಣಕಾಲು ನೋವಿಗೆ ಹೋಗುತ್ತದೆ. ಅವರಿಗೆ ಈಗ ಎಪ್ಪತ್ತೆರಡು.

ಕೋವಿ ಈಗ ಬಾಯಿ ಕೆಳಗೆ ಮಾಡಿ, ಮೆತ್ತನೆಯ ಬಟ್ಟೆಯ ಮೇಲೆ ನಿಲ್ಲುತ್ತದೆ. ಅದರಲ್ಲಿ ಗುಂಡು ಹಾರಿಸುವುದು ಬೇಡ ಎಂದು ಇಬ್ಬರೂ ತೀರ್ಮಾನಿಸಿದ್ದೇವೆ. ನಿಮ್ಮ ಊರಿನ ಮನೆಯಲ್ಲೂ ಹಳೆಯ ಕೋವಿ ಇದ್ದರೆ, ಮುಂದಿನ ಸಲ ಹೋದಾಗ ಅದರ ಕಾಗದ ಯಾರ ಹೆಸರಿನಲ್ಲಿದೆ, ಅದು ಹೇಗೆ ನಿಂತಿದೆ, ಕತ್ತಿನ ಮರ ಕಪ್ಪಾಗಿದೆಯೇ ಎಂದು ಮೂರು ವಿಷಯ ನೋಡಿ. ಬಿಚ್ಚುವ ಕೆಲಸ ಮಾತ್ರ ಲೈಸೆನ್ಸ್ ಇರುವವರಿಗೆ ಬಿಡಿ.

2025ರ ಕೈಲ್ ಪೊಳ್ದ್‌ಗೆ ಹೋಗಿದ್ದೆವು. ಮೆಟ್ಟಿಲ ಪಾಚಿಯನ್ನು ಬೆಳಿಗ್ಗೆಯೇ ನಾನು ಉಜ್ಜಿ ತೆಗೆದಿದ್ದೆ. ಪೂಜೆಯ ನಂತರ ಕೋವಿ ಒಳಗಿಡಲು ಚಿಕ್ಕಪ್ಪ ಮತ್ತೆ ನನ್ನ ಕೈಗೇ ಕೊಟ್ಟರು. ಎರಡೂ ಕೈಯಲ್ಲಿ ಹಿಡಿದೆ. ಒಂಬತ್ತು ವರ್ಷದ ಮಗ ಪಕ್ಕದಲ್ಲೇ ನಡೆಯುತ್ತ ಕತ್ತಿನ ಗೆರೆಯ ಮೇಲೆ ಬೆರಳಿಟ್ಟ.

"ತಾತ, ಇದೇನು?"

"ನಿಮ್ಮಪ್ಪನನ್ನು ಕೇಳು" ಎಂದರು ಚಿಕ್ಕಪ್ಪ.

ಹೇಳಿದೆ. ಫೋನಿನ ವಿಷಯವನ್ನೂ ಬಿಡದೆ ಹೇಳಿದೆ.